ಎತ್ತಿ ಕುಡಿದ ನೀರು

ಸ್ನೇಹಲತಾ ಹೆದರುಪುಕ್ಕಲಿ. ಇದನ್ನು ಯಾರೂ ಗುಟ್ಟಾಗಿ ಹೇಳುತ್ತಿರಲಿಲ್ಲ. ದಿಲ್ಲಿಯ ಕರೋಲ್‌ಬಾಗಿನಲ್ಲಿ ಕುಂದಾಪುರ ಕಡೆಯವರ ಮನೆಗಳಲ್ಲೆಲ್ಲ ಅವಳ ಎದುರಿಗೇ ಹೇಳಿ ನಗುತ್ತಿದ್ದರು, ಅವಳೂ ಜೊತೆ ಸೇರಿ ನಗುತ್ತಿದ್ದಳು. ರೈಲೆಂದರೆ ಹೆದರಿಕೆ, ಡಿ.ಟಿ.ಸಿ. ಬಸ್ಸೆಂದರೆ ಹೆದರಿಕೆ, ಧೂಳಿನ ಬಿರುಗಾಳಿ, ಆ ಆಂಧಿ, ಎದ್ದು ಆಕಾಶ ಕೆಂಪಾಯಿತೆಂದರೆ ಮಂಚದ ಕೆಳಗೆ ನುಸುಳುವುದೊಂದು ಬಾಕಿ. ಕೆಳಗಿನ ಮನೆಯ ಪಂಜಾಬಿ ಮುದುಕಿ ಬೀಜಿಯ ನಾಯಿಗೆ ಹಲ್ಲುಗಳೆಲ್ಲ ಉದುರಿ ಎಷ್ಟೋ ಕಾಲವಾಗಿತ್ತು. ಆದರೂ ಅದು ಮೆಟ್ಟಿಲ ಮೇಲೆ ಮಲಗಿದ್ದರೆ, ಯಾರಾದರೂ ಬಂದು ಎಬ್ಬಿಸುವ ತನಕ ಸ್ನೇಹಲತಾ ತರಕಾರಿ ಚೀಲ ಹಿಡಿದುಕೊಂಡು ಗಲ್ಲಿಯಲ್ಲೇ ನಿಂತಿರುತ್ತಿದ್ದಳು. ನೀರೊಂದಕ್ಕೆ ಮಾತ್ರ ಅವಳು ಹೆದರಿದವಳಲ್ಲ. ಹೊಳೆ ಸಮುದ್ರ ಸೇರುವ ಕಡೆ ಹುಟ್ಟಿ ಬೆಳೆದವಳು. ದೋಣಿ ಓಲಾಡುವಾಗ ಗಂಡಸರು ಅಂಚು ಹಿಡಿದುಕೊಂಡರೆ ಇವಳು ನಿಂತೇ ಜಡೆ ಹೆಣೆದುಕೊಂಡವಳು. ಅಂಥವಳನ್ನು ಎಪ್ಪತ್ತಮೂರರ ಬೇಸಿಗೆಯಲ್ಲಿ ಒಂದು ಚೊಂಬು ನೀರು ನಡುಗಿಸಿಬಿಟ್ಟಿತು.

ಅವಳ ಗಂಡ ಕರುಣಾಕರ, ಜಯಾನಂದ ಎಂಬವರ ಹೋಟೆಲಿನಲ್ಲಿ ದೊಡ್ಡ ಅಡುಗೆಯವನು. ಹೋಟೆಲು ಅಲ್ಲೇ ಬಜಾರಿನಲ್ಲಿತ್ತು. ಪಂಜಾಬಿಗಳಿಗೆ ಇಡ್ಲಿ ಸಾಂಬಾರಿನ ರುಚಿ ಹತ್ತಿಸಿದ್ದು ತಾನೇ ಎಂದು ಜಯಾನಂದರು ಹೇಳಿಕೊಳ್ಳುತ್ತಿದ್ದರು. ಹತ್ತಿಸಿದ್ದು ಕರುಣಾಕರನ ಕೈ ಎಂದು ಉಳಿದವರಿಗೆಲ್ಲ ಗೊತ್ತಿತ್ತು. ಗಂಡ ಹೆಂಡತಿ ಇದ್ದದ್ದು ಬೀಜಿಯ ಮನೆಯ ಮೇಲಿನ ಬರ್ಸಾತಿಯಲ್ಲಿ. ಬರ್ಸಾತಿಯೆಂದರೆ ತಾರಸಿಯ ಮೇಲೊಂದು ಕೋಣೆ, ಮೂಲೆಯಲ್ಲೊಂದು ಸೀಮೆಎಣ್ಣೆ ಸ್ಟವ್, ಉಳಿದದ್ದೆಲ್ಲ ಬಯಲು. ಒಬ್ಬಳೇ ಮಗಳು ಲೀಲಾ ಮದುವೆಯಾಗಿ ಮುಂಬಯಿ ಸೇರಿದ ಮೇಲೆ ಸ್ನೇಹಲತಾ ಆ ಬಯಲನ್ನೆಲ್ಲ ಹಪ್ಪಳ ಸಂಡಿಗೆಗಳಿಂದ ತುಂಬಿದಳು. ಹೋಟೆಲಿಗೆ ಬೇಕಾದ ಹಪ್ಪಳವೆಲ್ಲ ಅವಳದೇ. ದಿಲ್ಲಿಯ ಬಿಸಿಲನ್ನು ಹೊಗಳುವ ಹೆಂಗಸು ಆ ಗಲ್ಲಿಯಲ್ಲಿ ಅವಳೊಬ್ಬಳೇ.

ಇನ್ನು ಎಂಜಲಿನ ಮಾತು. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಕರುಣಾಕರನ ಅಡುಗೆಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಹಿತ್ತಾಳೆ ಚೊಂಬು. ಕತ್ತು ಹಿಂದಕ್ಕೆ ಚೆಲ್ಲಿ, ಚೊಂಬು ಮೇಲೆತ್ತಿ, ತುಟಿಗೆ ತಾಗದ ಹಾಗೆ ಗಟಗಟನೆ ಸುರಿದುಕೊಳ್ಳಬೇಕು. ಹೊಸದಾಗಿ ಸೇರಿದ ದೋಸೆಯವನೊಬ್ಬ ಗೊತ್ತಿಲ್ಲದೆ ಬಾಯಿ ತಾಗಿಸಿದ್ದಕ್ಕೆ ಕರುಣಾಕರ ಅವನಿಂದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿ, ಮತ್ತೆ ಬೂದಿ ಹಾಕಿ ತಿಕ್ಕಿಸಿ, ಆಮೇಲೂ ಮುಖ ಗಂಟಿಕ್ಕಿಕೊಂಡೇ ಇದ್ದ. ಸಾಂಬಾರಿನ ರುಚಿ ನೋಡುವುದೂ ಹಾಗೇ. ಸೌಟಿನಿಂದ ಬಲ ಅಂಗೈಗೆ ಒಂದಿಷ್ಟು ಹಾಕಿಕೊಂಡು, ತಲೆಯೆತ್ತಿ ಬಾಯಿಗೆ ಎಸೆದುಕೊಳ್ಳುತ್ತಿದ್ದ. ಮನೆಯಲ್ಲಿ ಸ್ನೇಹಲತಾ ಅವನಿಗಿಂತ ಒಂದು ಕೈ ಮೇಲು. ತುಂಬಿದ ಚೊಂಬನ್ನು ಗಲ್ಲಕ್ಕೆ ಒಂದು ಹನಿ ಬೀಳದಂತೆ ಖಾಲಿ ಮಾಡುತ್ತಿದ್ದಳು. ಒಂದು ಸಲ ಬೀಜಿ ಪ್ರೀತಿಯಿಂದ ಕೊಟ್ಟ ದೊಡ್ಡ ಲೋಟ ಲಸ್ಸಿಯನ್ನೂ ಎತ್ತಿಯೇ ಕುಡಿಯಲು ಹೋದಳು. ಮೇಲಿನ ಕೆನೆ ಒಟ್ಟಿಗೇ ಜಾರಿ ಮೂಗಿನ ಮೇಲೆ ಬಿತ್ತು. ಬೀಜಿ ಅದನ್ನು ಗಲ್ಲಿಯ ಉದ್ದಕ್ಕೂ ಹೇಳಿಕೊಂಡು ಬಂದಳು, ಇವಳು ಮಾತ್ರ ಆಮೇಲೂ ಎತ್ತಿಯೇ ಕುಡಿದಳು.

ಮೇ ತಿಂಗಳ ಒಂದು ಬೆಳಿಗ್ಗೆ ಕರುಣಾಕರ ಹಗ್ಗದ ಚಾರ್‌ಪಾಯಿಯಿಂದ ಏಳಲು ಹೋಗಿ ಹಾಗೇ ಕುಸಿದ. ತಾರಸಿ ಗಿರಗಿರ ತಿರುಗುತ್ತಿದೆ ಎಂದ. ವಾಂತಿಯಾಯಿತು. ಆಮೇಲೆ ಬಿಕ್ಕಳಿಕೆ ಹಿಡಿಯಿತು ನೋಡಿ, ಸಕ್ಕರೆಗೂ ನಿಲ್ಲಲಿಲ್ಲ, ನಿಂಬೆಹಣ್ಣಿಗೂ ನಿಲ್ಲಲಿಲ್ಲ. ಹೆದರಿಸಿದರೆ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದು ನೆನಪಾಗಿ ಸ್ನೇಹಲತಾ ಅವನ ಹಿಂದೆ ನಿಂತು “ಹಾವು!” ಎಂದು ಕೂಗಿದಳು, ಕೂಗಿದವಳು ತಾನೇ ಸುತ್ತ ನೋಡಿ ಹಾರಿಬಿದ್ದಳು. ಅವನು ಬಿಕ್ಕುತ್ತಲೇ ನಕ್ಕ. ಗಲ್ಲಿಯ ಹಕೀಮರು ಬಂದು ನಾಡಿ ಹಿಡಿದು, ಲೂ ಬಡಿದಿದೆ, ಈ ಬಿಸಿಗಾಳಿಗೆ ದಿಲ್ಲಿಯಲ್ಲಿ ಎಂಥವರೂ ಮಲಗುತ್ತಾರೆ ಎಂದರು. ಬೀಜಿ ಮಾವಿನಕಾಯಿ ಪಾನಕ ಕಳಿಸಿದಳು. ಎರಡು ದಿನಕ್ಕೆ ಬಿಕ್ಕಳಿಕೆ ನಿಂತಿತು. ಸ್ವರ ಮಾತ್ರ ಒಡೆದು ಗೊಗ್ಗರಾಯಿತು, ನಡೆಯುವಾಗ ಎಡಕ್ಕೆ ವಾಲುತ್ತಿದ್ದ. ಲೂ ಬಡಿದರೆ ಹಾಗೆಲ್ಲ ಆಗುತ್ತದೆ ಎಂದು ಎಲ್ಲರೂ ಒಪ್ಪಿಕೊಂಡರು.

ಎದ್ದು ಓಡಾಡಿದ ಮೊದಲ ದಿನವೇ ಅವನು ಚೊಂಬು ಎತ್ತಿ ನೀರು ಸುರಿದುಕೊಂಡು ಕೆಮ್ಮತೊಡಗಿದ. ನೀರು ಮೂಗಿನಲ್ಲಿ ಬಂತು. ಸ್ನೇಹಲತಾ ಓಡಿಬಂದು ನೆತ್ತಿ ತಟ್ಟಿದಳು.

“ನೆತ್ತಿಗೆ ಹತ್ತಿತು. ಮೇಲೆ ನೋಡಿ, ಮೇಲೆ ನೋಡಿ. ಊರಲ್ಲಿ ಯಾರೋ ನೆನೆಸಿಕೊಂಡ್ರು ಕಾಣ್ತದೆ.”

ಅವನು ಮೇಲೆ ನೋಡಿದ. ಕೆಮ್ಮು ಇನ್ನೂ ಜೋರಾಯಿತು. ಮಧ್ಯಾಹ್ನ ಮತ್ತೆ ಹಾಗೇ ಆಯಿತು, ಸಂಜೆ ಮತ್ತೆ. ಊರಿನವರಿಗೆ ಇವನನ್ನು ನೆನೆಸುವುದು ಬಿಟ್ಟು ಬೇರೆ ಕೆಲಸವಿಲ್ಲವೇ ಎಂದು ಅವನು ಗೊಗ್ಗರು ದನಿಯಲ್ಲಿ ತಮಾಷೆ ಮಾಡಿದ. ಅವಳಿಗೆ ನಗು ಬರಲಿಲ್ಲ. ಐತಪ್ಪನ ನೆನಪಾಗಿತ್ತು.

ಐತಪ್ಪ ಕರುಣಾಕರನ ಅಣ್ಣ. ಕೆಲವು ವರ್ಷಗಳ ಹಿಂದೆ ಊರಲ್ಲಿ ಗಂಟಲಿನ ಕ್ಯಾನ್ಸರ್ ಆಗಿ ತೀರಿಕೊಂಡಿದ್ದ. ಆರೈಕೆಗೆಂದು ಹೋಗಿ ಕೊನೆಯವರೆಗೂ ಅಲ್ಲಿದ್ದವಳು ಸ್ನೇಹಲತಾ. ಬಟ್ಟಲು ಬಟ್ಟಲು ಗಂಜಿ ಹಾಗೇ ವಾಪಸು ಬಂದದ್ದು, ಅನ್ನದ ಪರಿಮಳಕ್ಕೆ ಅವನು ಗೋಡೆ ಕಡೆ ಮುಖ ತಿರುಗಿಸಿದ್ದು, ಹೊಟ್ಟೆ ಹಸಿದು ಹಸಿದೇ ಮನುಷ್ಯ ಸಾಯುವುದು ಹೇಗಿರುತ್ತದೆಂಬುದು ಎಲ್ಲವನ್ನೂ ಕಂಡಿದ್ದಳು. ಈಗ ಅದೇ ರೋಗ ತಮ್ಮನ ಗಂಟಲಿಗೆ ಬಂದಿದೆ ಎಂದು ಅವಳಿಗೆ ಅನಿಸಿಬಿಟ್ಟಿತು. ಅವನಿಗೂ ಅದೇ ಅನಿಸಿತ್ತು. ಆ ಹೆಸರನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹೇಳಿಬಿಟ್ಟರೆ ನಿಜವಾಗುತ್ತದೆ ಎನ್ನುವ ಹಾಗೆ ಇಬ್ಬರೂ ಬಾಯಿ ಬಿಗಿಹಿಡಿದರು.

ಅವನು ಕೆಲಸಕ್ಕೂ ಹೋದ. ಡಾಕ್ಟರ ಹತ್ತಿರ ಹೋಗೋಣ ಎಂದರೆ ರೇಗಿದ. “ಕೆಮ್ಮಿಗೆಲ್ಲ ಡಾಕ್ಟರಾ? ಸುಮ್ನಿರು ಮಾರಾಯ್ತಿ.” ಅವನು ಊಟಕ್ಕೆ ಕೂತಾಗ ಸ್ನೇಹಲತಾ ಬಡಿಸುವ ನೆಪದಲ್ಲಿ ಅವನ ಗಂಟಲನ್ನೇ ನೋಡತೊಡಗಿದಳು. ಗಂಟಲ ನಡುವೆ ಗಂಡಸರಿಗೆ ಎದ್ದು ಕಾಣುವ ಆ ಗಂಟು ಮೊದಲೆಲ್ಲ ಪ್ರತಿ ತುತ್ತಿಗೂ ಮೇಲೆ ಹಾರಿ ಕೆಳಗೆ ಇಳಿಯುತ್ತಿತ್ತು. ಈಗ ಅದು ಅರ್ಧ ಏರಿ ನಿಲ್ಲುತ್ತಿತ್ತು, ಮತ್ತೆ ಏರುತ್ತಿತ್ತು. ಗಟ್ಟಿಯಾಗಿ ಕಲಸಿದ ಮೊಸರನ್ನ ಹೇಗೋ ಇಳಿಯುತ್ತಿತ್ತು. ನೀರು ಮಾತ್ರ ಆಗುತ್ತಿರಲಿಲ್ಲ. ನೀರಾದರೂ ಇಳಿಯಬಾರದೇ, ನೀರೇ ಇಳಿಯದ ಮೇಲೆ ಇನ್ನೇನು ಉಳಿಯಿತು ಎಂದು ಅವಳಿಗೆ ಇನ್ನಷ್ಟು ದಿಗಿಲಾಯಿತು.

ಒಂದು ಸಂಜೆ ಅವನ ಬಲ ಅಂಗೈಯಲ್ಲಿ ರೂಪಾಯಿ ಅಗಲದ ಬೊಬ್ಬೆ ಎದ್ದಿತ್ತು.

“ಇದು ಎಂತ?”

“ಸಾಂಬಾರು ನೋಡಿದ್ದು. ಬಿಸಿ ಇತ್ತಂತೆ.”

“ಇತ್ತಂತೆ ಅಂದ್ರೆ? ನಿಮಗೆ ಗೊತ್ತಾಗ್ಲಿಲ್ವಾ?”

ಅವನು ಆ ಕೈಯನ್ನು ಯಾರದೋ ಕೈ ನೋಡಿದಂತೆ ತಿರುಗಿಸಿ ನೋಡಿದ. ಗೊತ್ತಾಗಲಿಲ್ಲ ಎಂದ. ಅಡುಗೆಯವನ ಕೈಗೆ ಬಿಸಿ ಗೊತ್ತಾಗಲಿಲ್ಲ ಎನ್ನುವುದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಜಮಾನರು ಒಲೆಯ ಮುಂದೆ ಬೇರೆಯವರನ್ನು ನಿಲ್ಲಿಸಿದರೆ ಎಂಬ ಚಿಂತೆ ಒಂದು. ಈ ರೋಗ ಕೈಗೂ ಇಳಿಯಿತೇ ಎಂಬುದು ಅದಕ್ಕಿಂತ ದೊಡ್ಡದು.

ಆಮೇಲೆ ಅವನು ನೀರು ಕುಡಿಯುವುದನ್ನೇ ಬಿಟ್ಟ. ಒಲೆಯ ಮುಂದೆ ಇಡೀ ದಿನ ಬೆವರು ಸುರಿಸುವವನು, ಹೊರಗೆ ಡಾಂಬರು ಕರಗುವ ಬಿಸಿಲು, ಚೊಂಬು ಕಂಡರೆ ಮುಖ ತಿರುಗಿಸುತ್ತಿದ್ದ. ತುಟಿ ಬಿರಿಯಿತು. ಆ ವಾರದ ಕೊನೆಗೆ ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು. ಕೋಣೆಯ ಕಿಟಕಿಗೆ ಒದ್ದೆ ಲಾವಂಚದ ತಟ್ಟಿ ಕಟ್ಟಿ ಅವಳು ಪಕ್ಕದಲ್ಲೇ ಕೂತಳು. ಬಾಯಾರಿಕೆ ಎಂದು ಅವನು ಸನ್ನೆ ಮಾಡಿದ. ಚೊಂಬಿನಿಂದ ಸುರಿದರೆ ಜಾಸ್ತಿಯಾದೀತು ಎಂದುಕೊಂಡು ದೇವರ ಮುಂದಿನ ಉದ್ಧರಣೆ ತಂದಳು. ತೀರ್ಥ ಕೊಡುವ ಪುಟ್ಟ ಚಮಚ ಅದು. ಅದರಷ್ಟು ನೀರು ಯಾರನ್ನು ಏನು ಮಾಡೀತು? ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಗಲ್ಲ ಎತ್ತಿ, ಬಾಯಿ ಬಿಡಿಸಿ, ಮೇಲಿನಿಂದ ಬಿಟ್ಟಳು.

ಬಿಟ್ಟ ಮೇಲೆ ಅವಳಿಗೆ ಹೊಳೆಯಿತು, ಹೀಗೆ ಉದ್ಧರಣೆಯಿಂದ ಬಾಯಿಗೆ ನೀರು ಬಿಡುವುದು ಯಾರಿಗೆ, ಯಾವಾಗ ಎಂದು. ಐತಪ್ಪನಿಗೂ ಹೀಗೇ ಬಿಟ್ಟಿದ್ದರು. ಅಷ್ಟರಲ್ಲಿ ಕರುಣಾಕರನ ಎದೆ ಒಮ್ಮೆ ಎದ್ದು ನಿಂತುಬಿಟ್ಟಿತು. ಕೆಮ್ಮಲೂ ಆಗಲಿಲ್ಲ ಅವನಿಗೆ. ಕಣ್ಣು ಮೇಲೆ ಸಿಕ್ಕಿ ತುಟಿ ನೀಲಿಯಾಯಿತು. ಸ್ನೇಹಲತಾ ಕಿರುಚಿದ ಸದ್ದಿಗೆ ಬೀಜಿ ಆ ವಯಸ್ಸಿನಲ್ಲೂ ಎಲ್ಲ ಮೆಟ್ಟಿಲು ಹತ್ತಿ ಬಂದವಳು ಅವನನ್ನು ಮಗ್ಗುಲಿಗೆ ಉರುಳಿಸಿ ಬೆನ್ನಿಗೆ ಗುದ್ದಿದಳು. ನೀರೂ ಕಫವೂ ಹೊರಗೆ ಬಂದು ಉಸಿರು ತಿರುಗಿತು.

“ಹಸ್ಪತಾಲ್,” ಎಂದಳು ಬೀಜಿ. “ಅಭೀ.”

ಜಯಾನಂದರು ಟ್ಯಾಕ್ಸಿ ತಂದರು. ದಾರಿಯುದ್ದಕ್ಕೂ “ಏನಾಗೋದಿಲ್ಲ ಅತ್ತಿಗೆ, ಏನಾಗೋದಿಲ್ಲ” ಎನ್ನುತ್ತಿದ್ದರು. ಸ್ನೇಹಲತಾ ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದಳು. ಕೊಲ್ಲೂರಿನಿಂದ ಹಿಡಿದು ಊರಿನ ಕಟ್ಟೆಯ ಮೇಲಿನ ಭೂತದವರೆಗೆ ಯಾರನ್ನೂ ಬಿಡಲಿಲ್ಲ. ಅಂದಿನಷ್ಟು ಹೆದರಿಕೆ ಅವಳ ಜನ್ಮದಲ್ಲಿ ಅವಳಿಗೆ ಆಗಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಬಂದು ನೋಡಿದವರು ಮನೋರಮಾ ಎಂಬ ಡಾಕ್ಟರು. ಮೈಸೂರಿನಿಂದ ಬಂದ ಕೇಂದ್ರ ಸರ್ಕಾರದ ಅಧಿಕಾರಿಯ ಮಗಳು, ಬೆಳೆದದ್ದೆಲ್ಲ ಲೋದಿ ಕಾಲೊನಿಯಲ್ಲಿ. ಸ್ನೇಹಲತಾ “ದೇವರೇ” ಎಂದು ಗೊಣಗಿದ್ದು ಕೇಳಿ ತಿರುಗಿದರು.

“ಕನ್ನಡದವರಾ? ಅಚ್ಛಾ. ನನಗೆ ಅರ್ಥ ಆಗತ್ತೆ, ಮಾತಾಡೋದು ಸ್ವಲ್ಪ ಕಚ್ಚಾ. ಹೇಳಿ, ಏನಾಯ್ತು?”

ಸ್ನೇಹಲತಾಳ ಬಾಯಿಂದ ಮೊದಲು ಬಂದದ್ದೇ ಅಷ್ಟು ದಿನ ಆಡದೆ ಇಟ್ಟ ಮಾತು. “ಇವರ ಅಣ್ಣನಿಗೆ ಗಂಟಲಲ್ಲಿ ಕ್ಯಾನ್ಸರ್ ಆಗಿತ್ತಮ್ಮ. ಅದರಲ್ಲೇ ಹೋದ್ರು. ಇವರಿಗೂ ಅದೇ. ನೀವು ಮುಚ್ಚಿಡಬೇಡಿ, ನನಗೆ ಗೊತ್ತು.”

ಡಾಕ್ಟರು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. “ಅಣ್ಣನಿಗೆ ಮೊದಲು ಯಾವುದು ನಿಂತಿತು? ಅನ್ನಾನಾ, ನೀರಾ?”

“ಅನ್ನ. ಆಮೇಲೆ ಗಂಜಿ, ಆಮೇಲೆ ಹಾಲು. ನೀರು ಕೊನೇವರೆಗೂ ಇಳೀತಿತ್ತು.”

“ಇವರಿಗೆ?”

“ಇವರಿಗೆ ಮೊದಲೇ ನೀರು ಆಗ್ಲಿಲ್ಲ. ಮೊಸರನ್ನ ಮೊನ್ನೆವರೆಗೂ ತಿಂತಿದ್ರು.”

“ಉಲ್ಟಾ ಆಯ್ತಲ್ಲ,” ಎಂದರು ಡಾಕ್ಟರು. “ಗಡ್ಡೆ ಬೆಳೆದು ದಾರಿ ಮುಚ್ಚಿದ್ರೆ ಗಟ್ಟಿ ಪದಾರ್ಥ ಮೊದಲು ಸಿಕ್ಕಿಹಾಕ್ಕೊಳ್ಳತ್ತೆ, ನೀರು ಕೊನೇಗೆ. ಇವರದು ಬೇರೆ ಏನೋ.”

ಟಾರ್ಚು ಹಾಕಿ ಬಾಯಿ ತೆರೆಸಿ “ಆ” ಎನ್ನಿಸಿದರು. ಅಂಗುಳದ ಬಲಭಾಗ ಮೇಲೆದ್ದಿತು, ಎಡಭಾಗ ಜೋತುಬಿದ್ದೇ ಇತ್ತು. ಒಂದು ಗಾಜಿನ ಕೊಳವೆಯಲ್ಲಿ ಬಿಸಿನೀರು, ಇನ್ನೊಂದರಲ್ಲಿ ಐಸು ನೀರು ತರಿಸಿ ಅವನ ಕಣ್ಣು ಮುಚ್ಚಿಸಿ ಕೈಗೆ ಮುಟ್ಟಿಸಿದರು. ಎಡಗೈಗೆ ಸರಿಯಾಗಿ ಹೇಳಿದ. ಬಲಗೈಗೆ ಎರಡೂ ಒಂದೇ ಎಂದ. ಸ್ನೇಹಲತಾ ಆಗ ಬೊಬ್ಬೆಯ ವಿಷಯ ಹೇಳಿದಳು, ತಲೆ ಸುತ್ತಿದ್ದು, ಬಿಕ್ಕಳಿಕೆ, ಎಡಕ್ಕೆ ವಾಲಿದ್ದು ಎಲ್ಲ ಹೇಳಿದಳು. ಡಾಕ್ಟರು ರಕ್ತದೊತ್ತಡ ಅಳೆದು ಹುಬ್ಬೇರಿಸಿದರು.

“ಇದು ಲೂ ಅಲ್ಲ, ಕ್ಯಾನ್ಸರೂ ಅಲ್ಲ. ಆವತ್ತು ಬೆಳಿಗ್ಗೆ ಮಿದುಳಿನ ಬುಡದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ. ನುಂಗೋದನ್ನ ನಡೆಸೋ ಜಾಗ ಅದು. ಗಂಟಲಿನ ಎಡಗಡೆ ಸೋತಿದೆ. ಎಷ್ಟೋ ಜನಕ್ಕೆ ನಿಧಾನಕ್ಕೆ ವಾಪಸು ಬರತ್ತೆ.”

ಸ್ನೇಹಲತಾ ಕೈ ಮುಗಿಯಲು ಹೋದಳು. ಡಾಕ್ಟರು ತಡೆದರು. “ಈಗಲೇ ಬೇಡಮ್ಮ. ನೀರು ಶ್ವಾಸಕೋಶಕ್ಕೆ ಇಳಿದು ಅಲ್ಲಿ ಕೀವಾಗಿದೆ, ಜ್ವರ ಅದರದ್ದು. ಇನ್ನೊಂದು ಸಲ ಹಾಗಾದ್ರೆ ಇವರು ಉಳಿಯೋದು ಕಷ್ಟ. ಅದಿರಲಿ, ಇಷ್ಟೊಂದು ನೀರು ಒಳಗೆ ಹೋಗಿದ್ದು ಹೇಗೆ? ಮನೇಲಿ ಹೇಗೆ ಕುಡಿಸ್ತಿದ್ರಿ, ತೋರಿಸಿ.”

ಖಾಲಿ ಲೋಟ ಕೊಟ್ಟರು. ಸ್ನೇಹಲತಾ ಮನೆಯಲ್ಲಿ ಮಾಡಿದ್ದನ್ನೇ ಮಾಡಿದಳು. ಎಡಗೈಯನ್ನು ಅವನ ಕತ್ತಿನ ಕೆಳಗೆ ತೂರಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲ ಮೇಲೆತ್ತಿ, ಲೋಟವನ್ನು ಬಾಯಿಯ ಮೇಲೆ ಹಿಡಿದಳು. ಡಾಕ್ಟರು ಅವಳ ಮಣಿಕಟ್ಟನ್ನು ಗಬಕ್ಕನೆ ಹಿಡಿದರು.

“ಬಸ್, ಸಾಕು! ಹೀಗಾ? ಯಾವಾಗಲೂ ಹೀಗೇನಾ?”

“ನಾವು ಎಂಜಲು ಮಾಡೋದಿಲ್ಲಮ್ಮ. ಎತ್ತಿಯೇ ಕುಡಿಯೋದು.”

ಮೈಸೂರಿನ ಅಜ್ಜಿ ರಜೆಯಲ್ಲಿ ತಮ್ಮ ಕೈಯಿಂದ ಲೋಟ ಕಿತ್ತುಕೊಂಡು ಎತ್ತಿ ಕುಡಿ ಎಂದು ಗದರಿದ್ದು ಡಾಕ್ಟರಿಗೆ ನೆನಪಾಯಿತಂತೆ. ಆಮೇಲೆ ಸ್ನೇಹಲತಾಳ ಬೆರಳುಗಳನ್ನು ಅವಳದೇ ಗಂಟಲ ಮೇಲೆ ಇಡಿಸಿ, ಉಗುಳು ನುಂಗಿ ಎಂದರು.

“ಏನಾಯ್ತು?”

“ಮೇಲೆ ಹೋಯ್ತು.”

“ಉಸಿರು?”

ಸ್ನೇಹಲತಾ ಮತ್ತೆ ನುಂಗಿ ನೋಡಿದಳು. “ನಿಂತಿತು!”

“ಪ್ರತಿ ಸಲವೂ ನಿಲ್ಲತ್ತೆ. ಗಂಟಲಲ್ಲಿ ಎರಡು ದಾರಿ ಅಮ್ಮ. ಮುಂದಿನದು ಗಾಳಿಗೆ, ಹಿಂದಿನದು ಅನ್ನಕ್ಕೆ. ಗಾಳಿಯ ಬಾಗಿಲು ಸದಾ ತೆರೆದಿರತ್ತೆ, ಅನ್ನದ ಬಾಗಿಲು ಮುಚ್ಚಿರತ್ತೆ. ನುಂಗೋ ಕ್ಷಣದಲ್ಲಿ ಮಾತ್ರ ಅದಲು ಬದಲು. ನಾಲಿಗೆ ಹಿಂದಕ್ಕೆ ತಳ್ಳತ್ತೆ, ಅಂಗುಳ ಮೇಲೆದ್ದು ಮೂಗಿನ ದಾರಿ ಮುಚ್ಚತ್ತೆ, ಆ ಗಂಟು ಮೇಲೇರಿ ನಾಲಿಗೆಯ ಬುಡಕ್ಕೆ ಸೇರ್ಕೊಳ್ಳತ್ತೆ, ಒಂದು ಸಣ್ಣ ಮುಚ್ಚಳ ಗಾಳಿಯ ದಾರಿ ಮೇಲೆ ಮಗುಚಿಕೊಳ್ಳತ್ತೆ, ಆಗ ಅನ್ನದ ಬಾಗಿಲು ತೆರೆಯತ್ತೆ. ಕಣ್ಣು ಮಿಟುಕಿಸೋದರೊಳಗೆ ಇಷ್ಟೂ ಆಗಬೇಕು. ಇವರಿಗೆ ಅದು ನಿಧಾನ ಆಗಿದೆ. ಮೊಸರನ್ನ ಗಟ್ಟಿ, ಮೆಲ್ಲಗೆ ಜಾರತ್ತೆ, ಬಾಗಿಲು ಮುಚ್ಚೋವರೆಗೆ ಕಾಯತ್ತೆ. ನೀರು ಕಾಯೋದಿಲ್ಲ. ಅದರ ಮೇಲೆ ತಲೆ ಹಿಂದಕ್ಕೆ ಹಾಕಿದ್ರೆ ಗಾಳಿಯ ದಾರಿ ಇನ್ನೂ ಅಗಲ ತೆರೆದುಕೊಳ್ಳತ್ತೆ. ನೀವು ಸುರಿದದ್ದು ನೇರ ಅಲ್ಲಿಗೇ.”

ಸ್ನೇಹಲತಾ ಗಂಟಲ ಮೇಲಿದ್ದ ತನ್ನ ಕೈಯನ್ನು ತೆಗೆಯಲಿಲ್ಲ. ನೆತ್ತಿ ತಟ್ಟಿ ಮೇಲೆ ನೋಡಿ ಎಂದದ್ದು ಅವಳು. ತೊಡೆಯ ಮೇಲೆ ಮಲಗಿಸಿಕೊಂಡು ಗಲ್ಲ ಎತ್ತಿದ್ದು ಅವಳು. ರೋಗ ಕೊಲ್ಲುತ್ತದೆ ಎಂದು ಹೆದರಿ ಹೆದರಿ, ರೋಗಕ್ಕೂ ಆಗದ ಕೆಲಸವನ್ನು ತಾನು ಒಂದು ಚಮಚದಲ್ಲಿ ಮಾಡಹೊರಟಿದ್ದೆನಲ್ಲ ಎಂದು ಅವಳ ಎದೆ ಒಡೆಯಿತು. “ನಾನೇ ಮಾಡಿದ್ದು,” ಎಂದಳು. ಡಾಕ್ಟರು ಭುಜ ಮುಟ್ಟಿ ಏನೋ ಸಮಾಧಾನ ಹೇಳಿದರು, ಅದು ಅವಳ ಕಿವಿಗೆ ಬೀಳಲಿಲ್ಲ.

ಮೂಗಿನಿಂದ ಹೊಟ್ಟೆಗೆ ರಬ್ಬರಿನ ನಳಿಗೆ ಇಳಿಸಿದರು. ಹಾಲು, ಬೇಳೆಕಟ್ಟು, ಔಷಧಿ ಎಲ್ಲ ಅದರಲ್ಲೇ. ಜ್ವರ ಬಿಟ್ಟಿತು, ಎದೆಯ ಗೊರಗೊರ ಕಡಿಮೆಯಾಯಿತು. ದಿನಕ್ಕೆ ಹಲವು ಸಲ ಉಗುಳನ್ನು ಬಲವಾಗಿ ನುಂಗುವ ಅಭ್ಯಾಸ ಮಾಡಬೇಕೆಂದು ಡಾಕ್ಟರು ಹೇಳಿದ್ದರು. ಸ್ನೇಹಲತಾ ಎದುರಿಗೆ ಕೂತು ಅವನ ಗಂಟನ್ನೇ ನೋಡುತ್ತ, ಅವನ ಜೊತೆ ತಾನೂ ನುಂಗುತ್ತಿದ್ದಳು. ಹಾಲು ಹಾಕುವುದನ್ನು ನರ್ಸು ಕಲಿಸಲು ಬಂದರೆ ಕೈ ಹಿಂದೆ ಕಟ್ಟಿಕೊಂಡಳು. ಅವಳು ಅವನಿಗೆ ಏನನ್ನೂ ಕೊಡುತ್ತಿರಲಿಲ್ಲ. ಕೈ ಮುಂದೆ ಚಾಚಿದರೆ ನೀಲಿ ತುಟಿ ಕಣ್ಣಿಗೆ ಕಟ್ಟುತ್ತಿತ್ತು.

ಜೂನ್ ಮುಗಿಯುವ ಹೊತ್ತಿಗೆ ಡಾಕ್ಟರು ಬಂದು, ನಾಳೆ ನೀರು ಕುಡಿಸಿ ನೋಡೋಣ ಎಂದರು. “ಆಗಲಿಲ್ಲ ಅಂದ್ರೆ ಹೊಟ್ಟೆಗೆ ತೂತು ಮಾಡಿ ನಳಿಗೆ ಹಾಕಬೇಕಾಗತ್ತೆ. ಈ ನಳಿಗೆ ಎಷ್ಟು ದಿನ ಅಂತ ಇಡೋದು? ಅಮ್ಮ, ನೀವೇ ಕುಡಿಸಿ. ನಾನು ಪಕ್ಕದಲ್ಲಿ ಇರ್ತೀನಿ. ತಲೆ ಕೆಳಗೆ, ಗಲ್ಲ ಎದೆಗೆ. ಮುಖ ಎಡಕ್ಕೆ ತಿರುಗಿಸಿ, ಸೋತ ಕಡೆ ಮುಚ್ಚಿಕೊಂಡು ನೀರು ಬಲಗಡೆ ಇಳಿಯತ್ತೆ. ಮತ್ತೆ, ಲೋಟಕ್ಕೆ ತುಟಿ ತಾಗಲೇಬೇಕು. ಎಂಜಲು ಮಾಡಿ ಕುಡೀಬೇಕು.”

“ನನ್ನ ಕೈಲಿ ಆಗಲ್ಲಮ್ಮ. ನರ್ಸಿಗೆ ಹೇಳಿ.”

“ಮನೇಗೆ ನರ್ಸು ಬರ್ತಾರಾ?” ಎಂದರು ಡಾಕ್ಟರು. ಅಷ್ಟೇ ಹೇಳಿ ಹೋದರು.

ಮರುದಿನ ಬೆಳಿಗ್ಗೆ ಅವಳು ಮನೆಯಿಂದ ಸ್ಟೀಲಿನ ಪುಟ್ಟ ಲೋಟ ತಂದಳು. ಬಸ್ಸಿನಲ್ಲಿ ಒಬ್ಬಳೇ ಬಂದದ್ದು ಅವಳ ಗಮನಕ್ಕೂ ಬರಲಿಲ್ಲ. ಡಾಕ್ಟರು ನಳಿಗೆ ತೆಗೆದು, ಕರುಣಾಕರನನ್ನು ಎತ್ತಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟರು. ಪಕ್ಕದಲ್ಲಿ ಕಫ ಎಳೆಯುವ ಯಂತ್ರ ತಂದಿಟ್ಟಿದ್ದರು. ಸ್ನೇಹಲತಾ ಲೋಟಕ್ಕೆ ಎರಡು ಗುಟುಕಿನಷ್ಟು ನೀರು ಹಾಕಿ ಅವನ ಬಾಯಿಯ ಹತ್ತಿರ ಒಯ್ದಳು. ನೀರು ಲೋಟದಲ್ಲಿ ತುಳುಕುತ್ತಿತ್ತು.

ಅವನು ತುಟಿ ಬಿಗಿದುಕೊಂಡ.

“ಒಂದು ಗುಟುಕು,” ಎಂದಳು.

ಅವನು ಬೇಡವೆಂದು ತಲೆಯಾಡಿಸಿದ. ಕಣ್ಣು ಲೋಟದ ಮೇಲಿರಲಿಲ್ಲ. ಅವಳ ಕೈಯ ಮೇಲಿತ್ತು. ಗಂಡನಿಗೆ ನೀರಿನ ಹೆದರಿಕೆಯಲ್ಲ, ತನ್ನ ಕೈಯ ಹೆದರಿಕೆ ಎಂದು ಅವಳಿಗೆ ತಿಳಿಯಿತು. ಅದಕ್ಕಿಂತ ಕೆಟ್ಟ ಗಳಿಗೆ ಅವಳ ಬಾಳಿನಲ್ಲಿ ಇನ್ನೊಂದಿಲ್ಲ. ಎದ್ದು ಓಡಿಹೋಗಿ ವರಾಂಡದಲ್ಲಿ ನಿಲ್ಲಬೇಕು ಅನಿಸಿತು. ಅಕ್ಕಪಕ್ಕದ ಮಂಚದವರು ಮಾತು ನಿಲ್ಲಿಸಿ ನೋಡುತ್ತಿದ್ದರು.

ಸ್ನೇಹಲತಾ ಮಂಚದ ಅಂಚಿನಲ್ಲಿ ಅವನೆದುರು ಕೂತಳು. ಗಲ್ಲವನ್ನು ಎದೆಗೆ ತಗ್ಗಿಸಿದಳು. ಮುಖವನ್ನು ಎಡಕ್ಕೆ ತಿರುಗಿಸಿದಳು. ಲೋಟವನ್ನು ತುಟಿಗೆ ಒತ್ತಿ ಹಿಡಿದು, ಅಷ್ಟು ಜನರ ಕಣ್ಣೆದುರು, ಹುಟ್ಟಿದ ಮೇಲೆ ಮೊದಲ ಸಲ, ಬಾಯಿ ತಾಗಿಸಿ ಒಂದು ಗುಟುಕು ಕುಡಿದಳು. ಅಂಚು ಒರೆಸಲಿಲ್ಲ, ತೊಳೆಯಲಿಲ್ಲ. ಅದೇ ಲೋಟವನ್ನು ಅವನ ಕೈಗೆ ಕೊಟ್ಟು, ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

ಅವನು ಲೋಟದ ಅಂಚನ್ನು ನೋಡಿದ, ಅವಳ ಮುಖ ನೋಡಿದ.

“ಎಂಜಲು,” ಎಂದ, ಗೊಗ್ಗರು ದನಿಯಲ್ಲಿ.

“ಹೌದು. ನನ್ನದೇ. ಕುಡೀರಿ.”

ಅವನು ತಲೆ ತಗ್ಗಿಸಿದ. ಅವಳು ಇನ್ನೊಂದು ಕೈಯನ್ನು ಅವನ ಹಿಂಗತ್ತಿಗೆ ಒತ್ತಿ ಇನ್ನಷ್ಟು ಬಗ್ಗಿಸಿ, ಮುಖವನ್ನು ಎಡಕ್ಕೆ ತಿರುಗಿಸಿದಳು. ಲೋಟದ ಮೇಲಿನ ಕೈ ತೆಗೆದು ಬೆರಳುಗಳನ್ನು ಗಂಟಲಿನ ಗಂಟಿನ ಮೇಲೆ ಇಟ್ಟಳು. ನೀರು ಬಾಯಿಗೆ ಹೋಯಿತು. ಗಂಟು ಅಲ್ಲೇ ಇತ್ತು. ಸ್ವಲ್ಪ ಅಲುಗಿತು, ನಿಂತಿತು. ಬೀಜಿ ಗುದ್ದಿದ ಸದ್ದು ಅವಳ ಕಿವಿಯಲ್ಲಿ ಮತ್ತೆ ಕೇಳಿಸಿತು. ಆಮೇಲೆ ಅದು ಬೆರಳ ಕೆಳಗಿನಿಂದ ಮೇಲಕ್ಕೆ ಜಾರಿ ಹೋಯಿತು, ಕೈಗೆ ಸಿಗದಷ್ಟು ಮೇಲೆ. ಮತ್ತೆ ಇಳಿದು ತನ್ನ ಜಾಗಕ್ಕೆ ಬಂತು.

ಅವಳು ಕೆಮ್ಮಿಗಾಗಿ ಕಾದಳು. ಡಾಕ್ಟರೂ ಕಾದರು. ಕೆಮ್ಮು ಬರಲಿಲ್ಲ.

“ಮಾತಾಡಿ,” ಎಂದರು ಡಾಕ್ಟರು.

“ಇನ್ನೂ ಕೊಡು ಅಂತ ಹೇಳಿ ಇವಳಿಗೆ,” ಎಂದ ಕರುಣಾಕರ. ಅವನ ಕಣ್ಣಿನಿಂದ ನೀರು ಇಳಿದು ಲೋಟಕ್ಕೆ ಬಿತ್ತು.

ಮಳೆಗಾಲ ಮುಗಿಯುವಾಗ ಅವನು ಹೋಟೆಲಿಗೆ ಮರಳಿದ. ಬಲಗೈಗೆ ಬಿಸಿ ಗೊತ್ತಾಗುವುದು ಕೊನೆಗೂ ಬರಲಿಲ್ಲ; ರುಚಿಯನ್ನು ಎಡಗೈಯಲ್ಲಿ ಬಟ್ಟಲು ಹಿಡಿದು ತುಟಿ ತಾಗಿಸಿಯೇ ನೋಡುತ್ತಿದ್ದ. ಚೊಂಬಿನ ಪಕ್ಕದಲ್ಲಿ ಅವನಿಗೆಂದೇ ಒಂದು ಲೋಟ ಬಂತು. ಆಮೇಲೆ ದೋಸೆಯವನೂ ಒಂದು ತಂದಿಟ್ಟುಕೊಂಡ, ಕರುಣಾಕರ ಮುಖ ಗಂಟಿಕ್ಕಲಿಲ್ಲ. ಹೊಸ ಗಿರಾಕಿಗಳು ಒಳಗೆ ಇಣುಕಿ, ಈ ಅಡುಗೆಯವರು ನೀರಿಗೂ ನಮಸ್ಕಾರ ಮಾಡಿ ಕುಡಿಯುತ್ತಾರೆ ಎಂದುಕೊಳ್ಳುತ್ತಿದ್ದರು.

ಸ್ನೇಹಲತಾ ಮತ್ತೆ ತಾರಸಿಯಲ್ಲಿ ಹಪ್ಪಳ ಹಾಕಿದಳು. ನಾಯಿ ಮೆಟ್ಟಿಲ ಮೇಲಿದ್ದರೆ ಈಗಲೂ ಗಲ್ಲಿಯಲ್ಲೇ ನಿಲ್ಲುತ್ತಿದ್ದಳು. ನುಂಗುವಾಗ ಉಸಿರು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಅವಳು ಮರೆಯಲಿಲ್ಲ. ಕರುಣಾಕರ ಆಮೇಲೂ ಎಷ್ಟೋ ವರ್ಷ ಬದುಕಿದ. ಅಷ್ಟು ವರ್ಷವೂ ಅವನು ಕೋಣೆಯ ಹೊಸ್ತಿಲಲ್ಲಿ ಕೂತು ಲೋಟ ಹಿಡಿದು ತಲೆ ತಗ್ಗಿಸಿದನೆಂದರೆ, ತಾರಸಿಯ ಆಚೆ ತುದಿಯಲ್ಲಿ ಹಿಟ್ಟಿನ ಕೈಯಲ್ಲಿ ಕೂತಿದ್ದ ಅವಳ ಉಸಿರು ನಿಲ್ಲುತ್ತಿತ್ತು. ಅವನು ಲೋಟ ಕೆಳಗಿಟ್ಟ ಮೇಲೆಯೇ ಅವಳು ಉಸಿರು ಬಿಡುತ್ತಿದ್ದದ್ದು.